ಸಂಗೀತ ಪ್ರಶ್ನೋತ್ತರ: ಒಂದೇ ಕೊಠಡಿಯಲ್ಲಿ ಹಲವು ಪರಂಪರೆಗಳು

ಬೇರೆ ಬೇರೆ ದೇಶಗಳ ಶಾಸ್ತ್ರೀಯ ಮತ್ತು ಜನಪದ ಪರಂಪರೆಗಳಲ್ಲಿ ಪಳಗಿದ ನಾಲ್ಕಾರು ಕಲಾವಿದರು ಒಟ್ಟಿಗೆ ಕುಳಿತು ನುಡಿಸುವ ಸಣ್ಣ ಮೇಳಗಳ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಶ್ರುತಿಯ ಪ್ರಶ್ನೆಯನ್ನು ಒಬ್ಬರಿಗಿಂತ ಹೆಚ್ಚು ಓದುಗರು ಕೇಳಿದ್ದಾರೆ. ಈ ಇಡೀ ವಿಷಯದ ಕೀಲು ಇರುವುದೂ ಅಲ್ಲಿಯೇ ಎಂದು ನಾನು ನಂಬಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ‘ಚೇಂಬರ್ ಸಂಗೀತ’ ಎಂದರೆ ಯುರೋಪಿನ ಪಿಟೀಲು, ವಯೊಲಾ, ಚೆಲ್ಲೊಗಳ ಸಂಗೀತವೆಂದು ತಿಳಿದಿದ್ದೆ. ಸಿತಾರ್, ಚೀನಾದ ತಂತಿವಾದ್ಯ ಪೀಪಾ, ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾಗಳಿರುವ ಮೇಳವನ್ನೂ ಅದೇ ಹೆಸರಿನಿಂದ ಕರೆಯುವುದು ಸರಿಯೇ?

ಉತ್ತರ: ಸರಿ ಎಂಬುದೇ ನನ್ನ ಅಭಿಪ್ರಾಯ. ಚೇಂಬರ್ ಎಂದರೆ ಕೊಠಡಿ. ಅರಮನೆಯ ಅಥವಾ ಮನೆಯ ಒಂದು ಕೊಠಡಿಯಲ್ಲಿ ಕೆಲವೇ ಜನ ಕೂಡಿ ನುಡಿಸುತ್ತಿದ್ದ ಸಂಗೀತಕ್ಕೆ ಯುರೋಪಿನಲ್ಲಿ ಆ ಹೆಸರು ಬಂತು. ಅದರ ಲಕ್ಷಣವನ್ನು ನಿರ್ಧರಿಸುವುದು ವಾದ್ಯಗಳಲ್ಲ, ನುಡಿಸುವ ಕ್ರಮ. ಅಲ್ಲಿ ಒಂದೊಂದು ಭಾಗವನ್ನು ಒಬ್ಬೊಬ್ಬರೇ ನುಡಿಸುತ್ತಾರೆ, ಎದುರಿಗೆ ಕೋಲು ಹಿಡಿದು ನಿಂತ ನಿರ್ದೇಶಕರಿರುವುದಿಲ್ಲ, ಯಾವಾಗ ಎತ್ತಿಕೊಳ್ಳಬೇಕು ಮತ್ತು ಎಲ್ಲಿ ತಗ್ಗಬೇಕು ಎಂಬುದನ್ನು ಪರಸ್ಪರರ ಉಸಿರು ಹಾಗೂ ಕಮಾನಿನ ಚಲನೆಯನ್ನು ನೋಡಿಯೇ ತಿಳಿಯಬೇಕಾಗುತ್ತದೆ. ಹದಿನೆಂಟನೆಯ ಶತಮಾನದ ಆಸ್ಟ್ರಿಯಾದ ರಚನಕಾರ ಹೇಡನ್, ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ ಕೂಡಿ ನುಡಿಸುವ 68 ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು ರಚಿಸಿ ಈ ಪ್ರಕಾರಕ್ಕೆ ಗಟ್ಟಿಯಾದ ರೂಪ ಕೊಟ್ಟರು. ಅಂಥ ಕ್ವಾರ್ಟೆಟ್ ಕೇಳುವುದೆಂದರೆ ನಾಲ್ವರು ವಿವೇಕಿಗಳ ಮಾತುಕತೆಗೆ ಕಿವಿಗೊಟ್ಟಂತೆ ಎಂಬ ಅರ್ಥದ ಮಾತನ್ನು ಜರ್ಮನ್ ಕವಿ ಗಯಟೆ 1829ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಮಾತುಕತೆಯೇ ಇದರ ಜೀವಾಳ ಎಂದಾದರೆ, ಅದರಲ್ಲಿ ಭಾಗವಹಿಸುವವರ ಕೈಯಲ್ಲಿ ಯಾವ ವಾದ್ಯವಿದೆ ಎಂಬುದು ಎರಡನೆಯ ಮಾತು.

ಈ ವಿಸ್ತರಣೆ ಹೊಸದೂ ಅಲ್ಲ. ಯೆಹೂದಿ ಮೆನುಹಿನ್ ಅವರ ಪಿಟೀಲು ಮತ್ತು ರವಿಶಂಕರ್ ಅವರ ಸಿತಾರ್ ಜೊತೆಗೂಡಿದ 1967ರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಸಂದದ್ದು ಚೇಂಬರ್ ಸಂಗೀತದ ವಿಭಾಗದಲ್ಲಿಯೇ. ಮಾಲಿ ದೇಶದ ಕೋರಾ ವಾದಕ ಬಲ್ಲಾಕೆ ಸಿಸೊಕೊ ಮತ್ತು ಫ್ರಾನ್ಸಿನ ಚೆಲ್ಲೊ ವಾದಕ ವಿನ್ಸೆಂಟ್ ಸೆಗಾಲ್ ಇಬ್ಬರೇ ಕುಳಿತು ನುಡಿಸಿದ ಮುದ್ರಿಕೆ 2009ರಲ್ಲಿ ಬಂದಾಗ ಅದಕ್ಕೆ ಅವರು ಇಟ್ಟ ಹೆಸರೇ ‘ಚೇಂಬರ್ ಮ್ಯೂಸಿಕ್’. ಅದರಲ್ಲಿ ಚೆಲ್ಲೊ ಎಷ್ಟೋ ಹೊತ್ತು ಕಮಾನನ್ನು ಕೆಳಗಿಟ್ಟು, ಬೆರಳಿನಿಂದ ಮೀಟುತ್ತ, ಕೋರಾದ ಮಗ್ಗುಲಿಗೆ ಬಂದು ಕೂರುತ್ತದೆ. ಆ ಹೆಸರು ಎಷ್ಟು ಒಪ್ಪುತ್ತದೆ ಎಂಬುದು ಕೇಳಿದವರಿಗೆ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಪ್ರತಿಯೊಂದು ಪರಂಪರೆಗೂ ಅದರದೇ ಶ್ರುತಿಪದ್ಧತಿ ಇರುತ್ತದೆಯಲ್ಲವೇ? ಹಾಗಿದ್ದ ಮೇಲೆ ಇವರೆಲ್ಲ ಕೂಡಿ ನುಡಿಸಿದಾಗ ಅಪಸ್ವರವಾಗದೆ ಇರುವುದು ಹೇಗೆ? ಯಾರಾದರೂ ಒಬ್ಬರು ತಮ್ಮ ಸ್ವರವನ್ನು ಬಿಟ್ಟುಕೊಡಲೇಬೇಕಲ್ಲವೇ?

ಉತ್ತರ: ಬಿಟ್ಟುಕೊಡಬೇಕು. ಆದರೆ ಯಾರು, ಎಲ್ಲಿ, ಎಷ್ಟು ಎಂಬುದರ ಮೇಲೆ ಮೇಳದ ಗುಣ ನಿಂತಿದೆ. ಲೆಕ್ಕವನ್ನು ಒಮ್ಮೆ ನೋಡೋಣ. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸುವುದು ರೂಢಿ. ಪಿಯಾನೊದಲ್ಲಿ ಸ್ಥಾಯಿಯನ್ನು 12 ಸಮಪಾಲು ಮಾಡಿರುವುದರಿಂದ ಒಂದೊಂದು ಸ್ವರದ ನಡುವೆ 100 ಸೆಂಟ್ ಅಂತರವಿರುತ್ತದೆ. ಪಿಯಾನೊದ ಪಂಚಮ ಷಡ್ಜದಿಂದ 700 ಸೆಂಟ್ ದೂರದಲ್ಲಿದೆ, ಸಹಜವಾದ ಪಂಚಮ 702ರಲ್ಲಿದೆ. ಈ ವ್ಯತ್ಯಾಸವನ್ನು ಕಿವಿ ಹೆಚ್ಚು ಲೆಕ್ಕಿಸುವುದಿಲ್ಲ. ಗಾಂಧಾರದ ವಿಷಯ ಹಾಗಲ್ಲ. ತಂಬೂರಿಯ ನಾದದೊಳಗಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರ ಸುಮಾರು 386 ಸೆಂಟ್‌ನಲ್ಲಿ ನಿಂತರೆ, ಪಿಯಾನೊದ್ದು 400ರಲ್ಲಿ ನಿಲ್ಲುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಪಿಯಾನೊದ ಗಾಂಧಾರ ಚೂರು ಚುಚ್ಚುವಂತೆ ಕೇಳಿಸುವುದು ಇದರಿಂದಲೇ. ಇನ್ನು ಅರಬ್ ಸಂಗೀತದಲ್ಲಿ ನಮ್ಮ ರಾಗದಂತಿರುವ, ರಾಸ್ತ್ ಎಂಬ ಮಕಾಮ್‌ನಲ್ಲಿ ಗಾಂಧಾರವು ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಸುಮಾರು 350 ಸೆಂಟ್‌ನ ಆಸುಪಾಸಿನಲ್ಲಿ ಬರುತ್ತದೆ, ಮತ್ತು ಊರಿಂದೂರಿಗೆ, ವಾದಕರಿಂದ ವಾದಕರಿಗೆ ಕೊಂಚ ಸರಿಯುತ್ತದೆ. ಪಿಯಾನೊದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಬಾಲಿ ದ್ವೀಪದ ಲೋಹವಾದ್ಯಗಳ ಮೇಳವಾದ ಗಮೆಲಾನ್‌ನಲ್ಲಂತೂ ಜೋಡಿ ವಾದ್ಯಗಳನ್ನು ಬೇಕೆಂದೇ ಒಂದಕ್ಕಿಂತ ಒಂದು ತುಸು ಏರಿಸಿ ಶ್ರುತಿ ಮಾಡಿರುತ್ತಾರೆ. ಎರಡನ್ನೂ ಒಟ್ಟಿಗೆ ಬಾರಿಸಿದಾಗ ಹುಟ್ಟುವ ನಾದದ ಮಿಡಿತಕ್ಕೆ ಅಲ್ಲಿ ಒಂಬಾಕ್, ಅಂದರೆ ಅಲೆ ಎಂದು ಹೆಸರು. ನಾವು ಶ್ರುತಿದೋಷವೆಂದು ತಿದ್ದಹೊರಡುವುದು ಅವರಿಗೆ ನಾದದ ಜೀವಂತಿಕೆ.

ಈಗ ಮೇಳದ ಕೊಠಡಿಗೆ ಬರೋಣ. ಇಂಥ ಮೇಳಗಳಲ್ಲಿ ಪಿಟೀಲು, ವಯೊಲಾ, ಚೆಲ್ಲೊಗಳು ಇಷ್ಟು ಮುಖ್ಯವಾಗಲು ಒಂದು ಕಾರಣವಿದೆ: ಅವುಗಳ ಮೇಲೆ ಮೆಟ್ಟುಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಆದ್ದರಿಂದ ಒಳ್ಳೆಯ ಮೇಳದಲ್ಲಿ ಸರಿದುಕೊಳ್ಳುವ ಹೊಣೆಯನ್ನು ಈ ವಾದ್ಯಗಳೇ ಹೊರುತ್ತವೆ. ಇರಾನಿನ ಕಮಾಂಚೆ ವಾದಕ ಕೇಹಾನ್ ಕಲ್ಹೋರ್ ಅವರು ಬ್ರೂಕ್ಲಿನ್ ರೈಡರ್ ಎಂಬ ಸ್ಟ್ರಿಂಗ್ ಕ್ವಾರ್ಟೆಟ್ ಜೊತೆ 2008ರಲ್ಲಿ ಹೊರತಂದ ಮುದ್ರಿಕೆಯನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಕಮಾಂಚೆಯು ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುವ, ಒಂದು ಚೂಪಾದ ಕಾಲಿನ ಮೇಲೆ ನಿಲ್ಲುವ ತಂತಿವಾದ್ಯ. ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗಲು ಕಮಾನನ್ನು ವಾಲಿಸದೆ ವಾದ್ಯವನ್ನೇ ತಿರುಗಿಸುತ್ತಾರೆ. ಅದರ ಪಕ್ಕದಲ್ಲಿ ಕ್ವಾರ್ಟೆಟ್‌ನ ನಾಲ್ವರು ತಮ್ಮ ಅಭ್ಯಾಸದ ಅಗಲವಾದ ಕಂಪನವನ್ನು ಬಿಟ್ಟು, ಒಂದು ಸ್ವರವನ್ನು ನೇರವಾಗಿ ಎಳೆದು ಹಿಡಿಯುವ ಕಡೆಗಳಲ್ಲಿ ಕಮಾಂಚೆಯ ಸೂಕ್ಷ್ಮ ಸ್ವರಗಳು ಅಳುಕಿಲ್ಲದೆ ಓಡಾಡುತ್ತವೆ.

ಎರಡನೆಯ ಉಪಾಯ, ಎಲ್ಲರೂ ಒಪ್ಪುವ ಷಡ್ಜ-ಪಂಚಮಗಳನ್ನು ಮಾತ್ರ ಹಿನ್ನೆಲೆಯಲ್ಲಿ ಹಿಡಿದು, ಗಾಂಧಾರವನ್ನು ಅದರ ಒಡೆಯರಿಗೇ ಬಿಟ್ಟುಬಿಡುವುದು. ಇದು ಸುಲಭವಾಗಿ ಕಂಡರೂ ಪಾಶ್ಚಾತ್ಯ ತರಬೇತಿ ಪಡೆದವರಿಗೆ ದೊಡ್ಡ ತ್ಯಾಗವೇ, ಏಕೆಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಅವರ ಹಾರ್ಮನಿಯ ಬಣ್ಣವೆಲ್ಲ ಇರುವುದು ಆ ಮೂರನೆಯ ಸ್ವರದಲ್ಲಿ. ಮೂರನೆಯ ಉಪಾಯ, ವಾದ್ಯವನ್ನೇ ಬದಲಿಸಿಕೊಳ್ಳುವುದು. ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್ ಭಾರತೀಯ ಕಲಾವಿದರೊಡನೆ ಕಟ್ಟಿದ ಶಕ್ತಿ ಮೇಳಕ್ಕಾಗಿ ವಿಶೇಷ ಗಿಟಾರ್ ಮಾಡಿಸಿಕೊಂಡರು. ಅದರಲ್ಲಿ ಮುಖ್ಯ ತಂತಿಗಳ ಅಡಿಯಲ್ಲಿ ಓರೆಯಾಗಿ ಹಾಯುವ ಏಳು ಶ್ರುತಿತಂತಿಗಳಿದ್ದವು, ಮೆಟ್ಟುಗಳ ನಡುವಿನ ಮರವನ್ನು ಕೆತ್ತಿ ಹಳ್ಳ ಮಾಡಲಾಗಿತ್ತು. ಅದರಿಂದ ತಂತಿಯನ್ನು ವೀಣೆಯಲ್ಲಿ ಎಳೆದಂತೆ ಎಳೆದು ಗಮಕ ತರಲು ಸಾಧ್ಯವಾಯಿತು. ಅವರು ಸ್ವತಃ ವೀಣೆಯ ಪಾಠ ಹೇಳಿಸಿಕೊಂಡವರು ಎಂಬುದನ್ನು ಇಲ್ಲಿ ಮರೆಯಬಾರದು. ಗಿಟಾರಿನ ಮರವನ್ನು ಕೆತ್ತುವುದಕ್ಕಿಂತ ಮೊದಲು ಕಿವಿಯ ಕೆಲಸ ನಡೆದಿತ್ತು.

ಕೋರಾದಂಥ ವಾದ್ಯದ ಕಷ್ಟ ಬೇರೆಯೇ. ಅದರ 21 ತಂತಿಗಳನ್ನು ಒಮ್ಮೆ ಒಂದು ಸ್ವರಶ್ರೇಣಿಗೆ ಶ್ರುತಿ ಮಾಡಿ ಕುಳಿತರೆ, ನಡುವೆ ಸ್ವರ ಬದಲಿಸುವುದು ಸುಲಭವಲ್ಲ. ಹಾಗಾಗಿ ಅದರೊಡನೆ ಬರೆಯುವ ರಚನಕಾರರು ಪದೇಪದೇ ಷಡ್ಜ ಬದಲಿಸುವ ಆಸೆಯನ್ನು ಬಿಡಬೇಕಾಗುತ್ತದೆ. ಬಿಟ್ಟವರ ರಚನೆಗಳು ಚೆನ್ನಾಗಿವೆ ಎಂಬುದು ನನ್ನ ಅನುಭವ. ಎಲ್ಲಿ ಪಿಯಾನೊ ಅಥವಾ ಕೀಬೋರ್ಡಿನ ದಪ್ಪನೆಯ ಹಾರ್ಮನಿಯನ್ನು ಹಾಸಿ, ಅದರ ಮೇಲೆ ಬೇರೊಂದು ಪರಂಪರೆಯ ವಾದ್ಯವನ್ನು ತಂದು ಕೂರಿಸುತ್ತಾರೋ ಅಲ್ಲಿ ಬಿಟ್ಟುಕೊಟ್ಟವರು ಅತಿಥಿ ಮಾತ್ರ. ಅಂಥ ಸಂಗೀತ ಎಷ್ಟೇ ನುಣುಪಾಗಿದ್ದರೂ ನನ್ನ ಮನಸ್ಸು ಅದರಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಕರ್ನಾಟಕ ಸಂಗೀತದ ಪಿಟೀಲು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿನಿ. ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದು. ಇಂಥ ಮೇಳದಲ್ಲಿ ನುಡಿಸುವ ಕನಸು ಕಾಣಬಹುದೇ? ಲಿಪಿ ಕಲಿತರೆ ಗಮಕ ಕೆಡುತ್ತದೆ ಎಂದು ಹಿರಿಯರೊಬ್ಬರು ಹೆದರಿಸಿದ್ದಾರೆ.

ಉತ್ತರ: ಖಂಡಿತ ಕಾಣಬಹುದು, ಮಗಳೇ. ಲಿಪಿ ಕಲಿಯುವುದರಿಂದ ಗಮಕ ಕೆಡುವುದಿಲ್ಲ. ಲಿಪಿಯಲ್ಲಿ ಕಂಡಷ್ಟೇ ಸಂಗೀತ ಎಂದು ನಂಬಿದರೆ ಕೆಡುತ್ತದೆ. ಹಿರಿಯರ ಆತಂಕಕ್ಕೆ ಆಧಾರವಿಲ್ಲದಿಲ್ಲ, ಆದರೆ ಅದಕ್ಕೆ ಪರಿಹಾರವೂ ಇದೆ. ಒಂದು ಹಳೆಯ ಪ್ರಸಂಗವನ್ನು ಹೇಳುತ್ತೇನೆ. 1960ರ ದಶಕದ ಮಧ್ಯಭಾಗದಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಚಲನಚಿತ್ರಕ್ಕಾಗಿ ರವಿಶಂಕರ್ ಸಂಗೀತ ರಚಿಸುತ್ತಿದ್ದಾಗ, ಅದನ್ನು ಪಾಶ್ಚಾತ್ಯ ವಾದಕರಿಗೆ ಲಿಪಿಯಲ್ಲಿ ಬರೆದುಕೊಡುವ ಕೆಲಸ ಆಗಿನ್ನೂ ಯುವಕರಾಗಿದ್ದ ಅಮೆರಿಕದ ರಚನಕಾರ ಫಿಲಿಪ್ ಗ್ಲಾಸ್ ಅವರದಾಗಿತ್ತು. ಅವರು ರೂಢಿಯಂತೆ ಆವರ್ತಗಳನ್ನು ಗೆರೆ ಎಳೆದು ಭಾಗ ಮಾಡಿ ಬರೆದರು. ವಾದಕರು ಗೆರೆಯ ನಂತರದ ಸ್ವರಕ್ಕೆ ಒತ್ತು ಕೊಟ್ಟು ನುಡಿಸಿದರು. ತಬಲಾ ಉಸ್ತಾದ್ ಅಲ್ಲಾ ರಖಾ ಅವರು ಪ್ರತಿ ಸಲವೂ ನಿಲ್ಲಿಸಿ, ಒತ್ತು ತಪ್ಪಾಗಿದೆ, ಸ್ವರಗಳೆಲ್ಲ ಸಮನಾಗಿ ಬರಬೇಕು ಎನ್ನುತ್ತಿದ್ದರಂತೆ. ಗೆರೆಗಳನ್ನು ಎಲ್ಲಿಗೆ ಸರಿಸಿದರೂ ತಪ್ಪು ಹೋಗಲಿಲ್ಲ. ಕೊನೆಗೆ ಗ್ಲಾಸ್ ಗೆರೆಗಳನ್ನೆಲ್ಲ ಅಳಿಸಿಹಾಕಿದಾಗ ಎರಡೆರಡು, ಮೂರುಮೂರಾಗಿ ಕೂಡುತ್ತ ಹರಿಯುವ ಲಯ ಕಣ್ಣಿಗೆ ಬಿತ್ತು. ಈ ಪ್ರಸಂಗವನ್ನು ಗ್ಲಾಸ್ ಅವರೇ ಹೇಳಿಕೊಂಡಿದ್ದಾರೆ, ಅವರ ಮುಂದಿನ ರಚನೆಗಳ ದಾರಿಯೂ ಅಲ್ಲಿಂದ ತಿರುಗಿತು. ತಪ್ಪು ತಬಲಾದ್ದೂ ಆಗಿರಲಿಲ್ಲ, ವಾದಕರದ್ದೂ ಆಗಿರಲಿಲ್ಲ. ಹಾಳೆಯ ಮೇಲಿನ ಗೆರೆಯದ್ದಾಗಿತ್ತು.

ಇಂದಿನ ಮೇಳಗಳಲ್ಲಿ ಹೆಚ್ಚಾಗಿ ಕಾಣುವುದು ಎರಡೂ ಸೇರಿದ ಕ್ರಮ. ಎಲ್ಲರೂ ಕೂಡಬೇಕಾದ ಜಾಗಗಳು ಲಿಪಿಯಲ್ಲಿರುತ್ತವೆ, ನಡುವೆ ‘ಇಲ್ಲಿ ಇಂಥ ರಾಗದಲ್ಲಿ ಆಲಾಪನೆ, ಈ ಸಂಜ್ಞೆ ಬಂದಾಗ ಮುಂದಕ್ಕೆ’ ಎಂಬಂಥ ಬಯಲನ್ನು ಬಿಟ್ಟಿರುತ್ತಾರೆ. ನೀವು ಆ ಬಯಲಿಗೆ ಬೇಕಾದ ಮನೋಧರ್ಮವನ್ನು ಈಗಾಗಲೇ ಗಳಿಸಿದ್ದೀರಿ. ಇನ್ನು ಬೇಕಾದದ್ದು, ಲಿಪಿಯಲ್ಲಿ ತಾನು ಎಲ್ಲಿದ್ದೇನೆ ಎಂಬುದನ್ನು ಕಣ್ಣು ಬೇಗ ಗುರುತಿಸುವಷ್ಟು ಓದು. ದಿನಕ್ಕೆ ಅರ್ಧ ಗಂಟೆ ಕೊಡಿ, ಮತ್ತು ಓದಿದ್ದನ್ನು ವಾದ್ಯಕ್ಕಿಂತ ಮೊದಲು ಬಾಯಲ್ಲಿ ಹಾಡಿಕೊಳ್ಳಿ. ತಾಳವನ್ನು ಕೈಯಲ್ಲಿ ಹಾಕುತ್ತಲೇ ಓದಿ. ನಿಮಗೆ ಖಂಡ, ಮಿಶ್ರ, ಸಂಕೀರ್ಣ ನಡೆಗಳು ರಕ್ತಗತವಾಗಿರುವುದರಿಂದ, ತುರ್ಕಿಯ ಕುಂಟು ಲಯವೆನಿಸುವ ಒಂಬತ್ತನ್ನು, ಅಂದರೆ 2+2+2+3ನ್ನು, ಲಿಪಿಯಲ್ಲೇ ಬೆಳೆದವರಿಗಿಂತ ನೀವು ಬೇಗ ಹಿಡಿಯುತ್ತೀರಿ. ಇನ್ನೊಂದು ಕಿವಿಮಾತು: ಪಕ್ಕವಾದ್ಯವಾಗಿ ಹಾಡುಗಾರರನ್ನು ಅನುಸರಿಸಿದ ಅಭ್ಯಾಸ ನಿಮ್ಮ ದೊಡ್ಡ ಆಸ್ತಿ, ಆದರೆ ಇಲ್ಲಿ ಅನುಸರಿಸುವುದಷ್ಟೇ ಸಾಲದು. ಎದುರಿನವರು ಹೇಳಿದ್ದನ್ನೇ ಮರುನುಡಿಯದೆ, ಅದಕ್ಕೆ ಒಪ್ಪುವ ಬೇರೆ ಮಾತನ್ನು ಅದೇ ಹೊತ್ತಿಗೆ ಆಡಲು ಕಲಿಯಬೇಕು. ಇದಕ್ಕೆ ಹೊಂದಿಕೊಳ್ಳಲು ಲಿಪಿ ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿದೀತು.

ಪ್ರಶ್ನೆ: ಮೈಕ್ ಬಳಸಿದ ಮೇಲೆ ಅದು ಕೊಠಡಿಯ ಸಂಗೀತ ಹೇಗಾಗುತ್ತದೆ?

ಉತ್ತರ: ಕೆಲವೊಮ್ಮೆ ಮೈಕ್ ಅನಿವಾರ್ಯ. ಸ್ಪೇನಿನ ಗಲೀಸಿಯಾ ಪ್ರಾಂತದ ಗಾಯ್ತಾ ಎಂಬ ಚೀಲದ ಕೊಳಲು ಬಯಲಿನಲ್ಲಿ ಊದುವ ವಾದ್ಯ, ಅದರ ಮುಂದೆ ಪೀಪಾ ಅಥವಾ ಕಮಾಂಚೆಯ ದನಿ ಏಳುವುದೇ ಇಲ್ಲ. ಮೆಲುದನಿಯ ವಾದ್ಯವನ್ನು ಅದರ ಸಹಜ ಬಣ್ಣ ಕೆಡದಂತೆ ತುಸು ಎತ್ತಿಕೊಡುವ ಮೈಕ್‌ಗೆ ನನ್ನ ಆಕ್ಷೇಪವಿಲ್ಲ. ವಾದಕರು ಒಬ್ಬರನ್ನೊಬ್ಬರು ನೇರವಾಗಿ ಕೇಳಿಸಿಕೊಳ್ಳಲಾಗದೆ ಮುಂದಿಟ್ಟ ಧ್ವನಿಪೆಟ್ಟಿಗೆಯನ್ನೇ ನಂಬಬೇಕಾದ ಸ್ಥಿತಿ ಬಂದರೆ ಮಾತ್ರ ಕೊಠಡಿ ಕಳೆದುಹೋಯಿತು ಎನ್ನಬೇಕು.

ಪ್ರಶ್ನೆ: ಈ ಬೆರಕೆಯಿಂದ ಎಲ್ಲ ಪರಂಪರೆಗಳ ಶುದ್ಧತೆಗೂ ಧಕ್ಕೆ ಬರುವುದಿಲ್ಲವೇ? ಇದೆಲ್ಲ ಹೊಸತನದ ಹೆಸರಿನಲ್ಲಿ ನಡೆಯುವ ಅಲಂಕಾರ ಎನಿಸುತ್ತದೆ.

ಉತ್ತರ: ನಿಮ್ಮ ಎರಡನೆಯ ವಾಕ್ಯವನ್ನು ನಾನು ಅರ್ಧ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ಇಂದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲಿಲ್ಲದಿದ್ದರೆ ಏನೋ ಕೊರತೆಯಾದಂತೆ ಕಾಣುತ್ತದೆ. ಆದರೆ ಅದು ಯುರೋಪಿನಿಂದ ಬಂದ ವಾದ್ಯ, ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮುತ್ತುಸ್ವಾಮಿ ದೀಕ್ಷಿತರೇ ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದ್ದು ನೊಟ್ಟುಸ್ವರಗಳಾಗಿ ಉಳಿದಿದೆ. ಆ ಕಡೆ ನೋಡಿದರೆ, ಫ್ರಾನ್ಸಿನ ರಚನಕಾರ ದೆಬ್ಯುಸಿ 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜಾವಾದ ಗಮೆಲಾನ್ ಕೇಳಿ ಬೆರಗಾದರು. 1893ರ ಅವರ ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ ತಂತಿಗಳನ್ನು ಮೀಟುತ್ತ ಸಾಗುವ ಎರಡನೆಯ ಭಾಗದಲ್ಲಿ ಆ ನೆನಪನ್ನು ಹಲವರು ಗುರುತಿಸುತ್ತಾರೆ. ಹಂಗೆರಿಯ ರಚನಕಾರ ಬಾರ್ಟೋಕ್ ತಮ್ಮ ಗೆಳೆಯ ಕೊಡಾಯ್ ಅವರೊಡನೆ ಫೋನೋಗ್ರಾಫ್ ಯಂತ್ರ ಹೊತ್ತು ಹಳ್ಳಿ ಹಳ್ಳಿ ತಿರುಗಿ ರೈತರ ಹಾಡುಗಳನ್ನು ಸಂಗ್ರಹಿಸಿದರು. 1934ರಲ್ಲಿ ಬರೆದ ಅವರ ಐದನೆಯ ಕ್ವಾರ್ಟೆಟ್‌ನ ನಡುವಿನ ಭಾಗ ಬಲ್ಗೇರಿಯಾದ ಕುಣಿತದ 4+2+3ರ ನಡೆಯಲ್ಲಿದೆ. ಇವುಗಳಲ್ಲಿ ಯಾವುದನ್ನೂ ಈಗ ಯಾರೂ ಬೆರಕೆ ಎನ್ನುವುದಿಲ್ಲ.

ಹಾಗೆಂದು ಎಲ್ಲ ಬೆರಕೆಯೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಬಾರ್ಟೋಕ್ ಮೂರು ದಶಕಗಳ ಹುಡುಕಾಟದ ನಂತರ ಆ ನಡೆಯನ್ನು ಬರೆದರು, ಅದು ಅವರಿಗೆ ದಕ್ಕಿತ್ತು. ಒಂದು ವಾರದ ತಾಲೀಮಿನಲ್ಲಿ ನಾಲ್ಕು ಖಂಡಗಳನ್ನು ಕೂಡಿಸುವ ಕಾರ್ಯಕ್ರಮಗಳಲ್ಲಿ ದಕ್ಕುವುದು ಅಲಂಕಾರವೇ. ಇಂಥ ಸಂಗೀತ ಕೇಳುವಾಗ ನಾನು ನನಗೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಿಂದ ಒಂದು ವಾದ್ಯವನ್ನು ತೆಗೆದುಬಿಟ್ಟರೆ ರಚನೆ ಕುಸಿಯುತ್ತದೆಯೇ, ಅಥವಾ ಬಣ್ಣ ಮಾತ್ರ ಕಡಿಮೆಯಾಗುತ್ತದೆಯೇ? ಚೀನಾ ಮೂಲದ ರಚನಕಾರ ತಾನ್ ದುನ್ ಅವರು ಕ್ರೋನೋಸ್ ಕ್ವಾರ್ಟೆಟ್ ಮತ್ತು ಪೀಪಾ ವಾದಕಿ ವೂ ಮಾನ್ ಅವರಿಗಾಗಿ 1994ರಲ್ಲಿ ರಚಿಸಿದ ‘ಘೋಸ್ಟ್ ಆಪೆರಾ’ದಲ್ಲಿ ಜರ್ಮನ್ ರಚನಕಾರ ಬಾಖ್‌ನ ಒಂದು ತುಣುಕು, ಚೀನೀ ಜನಪದ ಗೀತೆ, ಜೊತೆಗೆ ನೀರು, ಕಲ್ಲು, ಲೋಹ, ಕಾಗದಗಳ ಸದ್ದು ಎಲ್ಲವೂ ಇವೆ. ಕೇಳುವ ಮೊದಲು ಇದು ಅತಿಯಾಯಿತೇನೋ ಅನಿಸುತ್ತದೆ. ಆದರೆ ಪೀಪಾವನ್ನಾಗಲಿ ನೀರನ್ನಾಗಲಿ ತೆಗೆದರೆ ಅಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಹೇಳಿದ ಕಲ್ಹೋರ್ ಅವರ ಮುದ್ರಿಕೆಯ ಮುಖ್ಯ ರಚನೆ, 1988ರಲ್ಲಿ ರಾಸಾಯನಿಕ ದಾಳಿಗೆ ತುತ್ತಾದ ಹಲಬ್ಜಾ ಎಂಬ ಕುರ್ದ್ ಪಟ್ಟಣದ ನೆನಪಿಗೆ ಮೀಸಲಾದದ್ದು. ಆ ದುಃಖದ ಎದುರು ಶುದ್ಧತೆಯ ಪ್ರಶ್ನೆ ನನ್ನ ಮನಸ್ಸಿನಲ್ಲಿ ಏಳುವುದೇ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಒಂದು ಅಂಶವನ್ನೂ ಸೇರಿಸುತ್ತೇನೆ. ಪರಂಪರೆಗೆ ನಿಜವಾಗಿ ಧಕ್ಕೆ ಬರುವುದು ಹಕ್ಕಿನ ವಿಷಯದಲ್ಲಿ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಮಟ್ಟನ್ನು ಲಿಪಿಯಲ್ಲಿ ಬರೆದವರ ಹೆಸರೇ ರಚನಕಾರರ ಜಾಗದಲ್ಲಿ ಅಚ್ಚಾಗಿ, ಕಲಿಸಿಕೊಟ್ಟವರ ಹೆಸರು ಕೃತಜ್ಞತೆಯ ಸಾಲಿಗೆ ಇಳಿದರೆ ಅದು ಅನ್ಯಾಯ. ಕ್ರೋನೋಸ್ ಕ್ವಾರ್ಟೆಟ್ 1992ರಲ್ಲಿ ಹೊರತಂದ ಆಫ್ರಿಕಾದ ಸಂಗೀತದ ಮುದ್ರಿಕೆಯಲ್ಲಿ ರಚನಕಾರರೆಲ್ಲ ಆಫ್ರಿಕಾದವರೇ ಆಗಿರುವುದನ್ನು, ಅವರಲ್ಲಿ ಕೆಲವರು ತಮ್ಮ ವಾದ್ಯ ಹಿಡಿದು ಕ್ವಾರ್ಟೆಟ್ ಜೊತೆ ತಾವೇ ನುಡಿಸಿರುವುದನ್ನು ನಾನು ಮಾದರಿಯೆಂದು ತಿಳಿಯುತ್ತೇನೆ.

ಪ್ರಶ್ನೆ: ಈ ಬಗೆಯ ಸಂಗೀತವನ್ನು ಈವರೆಗೆ ಕೇಳಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಇಬ್ಬರಿಂದ ಆರಂಭಿಸಿ. ಸಿಸೊಕೊ ಮತ್ತು ಸೆಗಾಲ್ ಅವರ ಕೋರಾ-ಚೆಲ್ಲೊ ಜೋಡಿಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂಬುದು ಹೊಸ ಕಿವಿಗೂ ಬಿಡಿಬಿಡಿಯಾಗಿ ತಿಳಿಯುತ್ತದೆ. ಅನಂತರ ನಾಲ್ವರಿಗೆ ಹೋಗಬಹುದು. ಅಮೆರಿಕದ ಆರೆಗಾನ್ ಎಂಬ ಮೇಳ 1970ರ ಸುಮಾರಿಗೆ ಹುಟ್ಟಿದ್ದು. ರಾಲ್ಫ್ ಟೌನರ್ ಅವರ ಗಿಟಾರ್, ಪಾಲ್ ಮೆಕ್ಯಾಂಡ್ಲೆಸ್ ಅವರು ಊದುವ ಓಬೋ, ಗ್ಲೆನ್ ಮೂರ್ ಅವರ ಬೇಸ್, ಕಾಲಿನ್ ವಾಲ್ಕಾಟ್ ಅವರ ಸಿತಾರ್ ಮತ್ತು ತಬಲಾ ಅದರ ಮೊದಲ ಬಣ್ಣ. ವಾಲ್ಕಾಟ್ ಅವರು ರವಿಶಂಕರ್ ಮತ್ತು ಅಲ್ಲಾ ರಖಾ ಅವರ ಬಳಿ ಕಲಿತವರು. ಹಾಗಿದ್ದೂ ಅವರು ಸಿತಾರನ್ನು ಮುಂದೆ ತಂದು ಮೆರೆಸದೆ ಓಬೋದ ನೆರಳಿನಲ್ಲಿ ನಾಲ್ಕೇ ಸ್ವರ ನುಡಿಸಿ ಸುಮ್ಮನಾಗುವ ಜಾಗಗಳು ನನಗೆ ಬಹಳ ಇಷ್ಟ. ಅವರು 1984ರಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೆ ಮೊದಲಿನ ಮುದ್ರಿಕೆಗಳನ್ನು ಮೊದಲು ಕೇಳಿ.

ಲಯದ ರುಚಿ ಇದ್ದರೆ ಮೆಕ್ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರಿದ್ದ 1970ರ ದಶಕದ ಶಕ್ತಿ ಮೇಳಕ್ಕೆ ಬನ್ನಿ. ಚೆಲ್ಲೊ ವಾದಕ ಯೋ-ಯೋ ಮಾ 1998ರಲ್ಲಿ ಆರಂಭಿಸಿದ ಸಿಲ್ಕ್‌ರೋಡ್ ಯೋಜನೆಯ ಮೇಳವನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಅದು ಚಿಕ್ಕದೆಂದಲ್ಲ, ಅಲ್ಲಿ ಕಮಾಂಚೆ, ಪೀಪಾ, ತಬಲಾ, ಗಾಯ್ತಾ ಎಲ್ಲವೂ ಒಂದೇ ಸಂಜೆ ಎದುರಾಗುವುದರಿಂದ, ಬಿಡಿಯಾಗಿ ಪರಿಚಯವಾದ ಮೇಲೆ ಆ ಕೂಟಕ್ಕೆ ಹೋದರೆ ಮುಖಗಳು ಗುರುತು ಸಿಗುತ್ತವೆ. ಒಂದು ರಚನೆಯನ್ನು ಮೂರು ಸಲ ಕೇಳಿ: ಮೊದಲ ಸಲ ಸುಮ್ಮನೆ, ಎರಡನೆಯ ಸಲ ತೀರ ಕೆಳಗಿನ ಸ್ಥಾಯಿಯಲ್ಲಿರುವ ವಾದ್ಯವನ್ನೇ ಹಿಂಬಾಲಿಸುತ್ತ, ಮೂರನೆಯ ಸಲ ಯಾರು ಯಾವಾಗ ನಿಲ್ಲಿಸಿ ಇನ್ನೊಬ್ಬರಿಗೆ ಜಾಗ ಕೊಡುತ್ತಾರೆ ಎಂಬುದನ್ನಷ್ಟೇ ಗಮನಿಸುತ್ತ. ಮೂರನೆಯ ಸಲ ಕೇಳಿದ ಮೇಲೆ ನಿಮಗೆ ಕಂಡದ್ದನ್ನು ದಯವಿಟ್ಟು ಬರೆದು ತಿಳಿಸಿ.